ಹಳದಿ ಬಿಲ್ಲೆಯ ಹಾಡು

"ಊಟದ ಬೆಲ್ ಹೊಡೆಯೋದ್ರೊಳಗೆ ಸೈನ್ ಹಾಕ್ಕೊಡಮ್ಮ. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ," ಎಂದು ಸೂಪರ್‌ವೈಸರ್ ಮುರಳಿಮೋಹನ್ ಒಂದು ಕಾಗದವನ್ನು ಶೋಭಾರಾಣಿಯ ಹೊಲಿಗೆ ಮೆಷಿನ್ನಿನ ಮೇಲಿಟ್ಟು ಹೋದ. ಅದರಲ್ಲಿ 'ನಾನು ಹಾಡಿದ್ದೆಲ್ಲ ಸುಳ್ಳು, ಕ್ಷಮಿಸಬೇಕು' ಎಂದು ಕಂಪನಿಯವರೇ ಟೈಪ್ ಮಾಡಿಸಿದ್ದರು.

ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿತ್ತು! ಕುಡುಮಲಕುಂಟೆಯ ಆ ಗಾರ್ಮೆಂಟ್ಸ್‌ನಲ್ಲಿ ಒಂದು ಲೈನಿಗೆ ಅರವತ್ತು ಹೆಂಗಸರು, ಒಂದೇ ಒಂದು ಹಳದಿ ಪ್ಲಾಸ್ಟಿಕ್ ಬಿಲ್ಲೆ. ಅದನ್ನು ಕೊರಳಿಗೆ ಹಾಕಿಕೊಂಡವಳು ಮಾತ್ರ ಟಾಯ್ಲೆಟ್ಟಿಗೆ ಹೋಗಬಹುದು. ಅವಳು ವಾಪಸ್ ಬರುವವರೆಗೆ ಉಳಿದವರು ಹಲ್ಲು ಕಚ್ಚಿ ಕೂತಿರಬೇಕು. ಅದಕ್ಕೇ ಕೆಲಸದ ಹೊತ್ತಿನಲ್ಲಿ ಯಾರೂ ನೀರು ಮುಟ್ಟುತ್ತಿರಲಿಲ್ಲ. ಇದನ್ನೇ ಶೋಭಾರಾಣಿ ಕಂಪನಿ ಬಸ್ಸಿನಲ್ಲಿ ಸೋಬಾನೆ ಧಾಟಿಯಲ್ಲಿ ತಮಾಷೆಗೆ ಹಾಡಿದ್ದಳು. ಪಕ್ಕದ ಮೆಷಿನ್ನಿನ ಜಬೀನ್ ಫೋನಿನಲ್ಲಿ ರೆಕಾರ್ಡ್ ಮಾಡಿ ಸ್ಟೇಟಸ್ಸಿಗೆ ಹಾಕಿದಳು. ನಾಲ್ಕೇ ದಿನದಲ್ಲಿ ಹಾಡು ಚಿಂತಾಮಣಿಯವರೆಗೂ ಹೋಯಿತು, ಮ್ಯಾನೇಜರ್ ಕಿವಿಗೂ ಬಿತ್ತು.

ಮನೆ ನಡೆಯುತ್ತಿದ್ದುದು ಶೋಭಾರಾಣಿಯ ಸಂಬಳದಿಂದ. ಅವಳು ಪೆನ್ನು ಕೈಗೆತ್ತಿಕೊಂಡು ಜಬೀನ್ ಕಡೆ ತಿರುಗಿದಳು.

"ಹಾಕ್ಬಿಡ್ತೀನಿ ಕಣೇ. ಇನ್ನೇನ್ ಮಾಡ್ಲಿ?"

"ಹನ್ನೊಂದು ಗಂಟೆವರ್ಗೂ ತಡಿ ಶೋಭಕ್ಕ."

"ಹನ್ನೊಂದಕ್ಕೆ ಏನಾಗ್ತದೆ?"

"ತಡಿ ಅಂದ್ನಲ್ಲ!" ಜಬೀನ್ ಬಗ್ಗಿ ಕಾಲರ್ ಹೊಲಿಯತೊಡಗಿದಳು. ನಗು ತಡೆಯಲಾಗದೆ ಅವಳ ಭುಜ ಕುಣಿಯುತ್ತಿತ್ತು.

ಹನ್ನೊಂದರ ಹೊತ್ತಿಗೆ ಹೆಂಗಸರ ಕೈ ನಿಧಾನವಾಗುತ್ತದೆ ಎಂದು ಮುರಳಿಮೋಹನ್ ದಿನವೂ ಆಗ ಹೊಲಿಗೆ ಹಾಲಿನ ಸ್ಪೀಕರುಗಳಿಗೆ ಎಫ್ಎಂ ರೇಡಿಯೋ ಹಾಕುತ್ತಿದ್ದ. ತಾಳ ಜೋರಾದರೆ ಕೈಯೂ ಜೋರಾಗುತ್ತದೆ ಎಂಬುದು ಅವನ ಲೆಕ್ಕ. ಪದ ಕೇಳುವ ಅಭ್ಯಾಸವಿಲ್ಲ. ಅವತ್ತೂ ಒಂದು ಹಾಡು ತಮಟೆ ಏಟಿನೊಂದಿಗೆ ಶುರುವಾದದ್ದೇ ತಡ, ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿ, ತಲೆಯಾಡಿಸುತ್ತ ಲೈನಿನ ತುದಿಗೆ ನಡೆದ.

*ಅರವತ್ತು ಜನಕೊಂದು ಹಳದಿ ಬಿಲ್ಲೆ ಅಕ್ಕಯ್ಯಾ,*
*ನಿನ್ನ ಕೈಯಿಂದ ನನ್ನ ಕೈಗೆ ಎಂದು ಬರತೈತೆ ಅಕ್ಕಯ್ಯಾ...*

ಶೋಭಾರಾಣಿ ಥಟ್ಟನೆ ತಲೆಯೆತ್ತಿದಳು. ತನ್ನದೇ ದನಿ! ರೇಡಿಯೋದವರು ತಮಟೆ ಸೇರಿಸಿದ್ದರು, ಅಷ್ಟೇ. ಒಂದು ಮೆಷಿನ್ ನಿಂತಿತು, ಆಮೇಲೆ ಹತ್ತು, ಆಮೇಲೆ ಹಾಲಿಗೆ ಹಾಲೇ. "ಬೆಳಗಿಂದ ಹನಿ ನೀರು ಕುಡಿದಿಲ್ಲ ಅಕ್ಕಯ್ಯಾ" ಎಂಬ ಸಾಲು ಬಂದಾಗ, ದಾರ ಕತ್ತರಿಸುವ ಓಬಳಮ್ಮ ಕತ್ತರಿಯಿಂದ ಮೇಜು ಕುಟ್ಟಿ ದನಿಗೂಡಿಸಿದಳು. ಎರಡು ವರ್ಷದಿಂದ ಯಾರೊಂದಿಗೂ ಜೋರಾಗಿ ಮಾತಾಡಿರದ ಹೆಂಗಸು! ಅಷ್ಟು ಸಾಕಾಯಿತು. ನಾಲ್ಕೂ ಲೈನು ಎದ್ದು ನಿಂತು ಹಾಡಿದವು. ಶೋಭಾರಾಣಿಗೆ ಅಳುವೂ ನಗುವೂ ಒಟ್ಟಿಗೇ ಬಂತು.

"ನೀನಾ ಕಳ್ಸಿದ್ದು?"

"ಮತ್ತೆ? ರೇಡಿಯೋದವ್ರು ಕೇಳುಗರ ಹಾಡು ಕಳಿಸಿ ಅಂದ್ರು, ಕಳಿಸ್ದೆ. ಇವತ್ತು ಹನ್ನೊಂದಕ್ಕೆ ಹಾಕ್ತೀವಿ ಅಂದಿದ್ರು!" ಜಬೀನ್ ಕಿರುಚಿದಳು.

ಮುರಳಿಮೋಹನ್ ಓಡಿ ಬಂದು ರೇಡಿಯೋ ಆರಿಸಿದ. ಹಾಡು ನಿಲ್ಲಲಿಲ್ಲ. ಅಷ್ಟರಲ್ಲಿ ಅವನ ಫೋನ್ ಕೂಗಿತು. ಗದ್ದಲದಲ್ಲಿ ಕೇಳಿಸದೆ ಸ್ಪೀಕರಿಗೆ ಹಾಕಿದ್ದೇ ತಪ್ಪಾಯಿತು.

"ರೀ, ರೇಡಿಯೋದಲ್ಲಿ ಕುಡುಮಲಕುಂಟೆ ಗಾರ್ಮೆಂಟ್ಸ್ ಹಾಡು ಅಂದ್ರಲ್ಲ, ಅದು ನಿಮ್ ಫ್ಯಾಕ್ಟ್ರಿನೇನ್ರೀ?" ಹೆಂಡತಿಯ ದನಿ. "ನಿಜವಾಗ್ಲೂ ಆ ಹೆಂಗಸ್ರನ್ನ ಹಂಗೆ ಕೂರಿಸ್ತೀರಾ?"

ಹಾಡು ತಾನಾಗಿ ನಿಂತಿತು. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ಅವನ ಮುಖ ಕೆಂಪಾಯಿತು.

"ಆಮೇಲ್ ಮಾತಾಡ್ತೀನಿ," ಎಂದ, ನೆಲ ನೋಡುತ್ತ.

ಶೋಭಾರಾಣಿ ಕಾಗದ ತಂದು ಅವನ ಕೈಗಿಟ್ಟಳು. "ಸೈನ್ ಹಾಕಲ್ಲ ಸಾರ್. ನಾಳೆ ಬರ್ತೀನಿ. ಗೇಟಲ್ಲಿ ತಡೆದ್ರೆ ಅಲ್ಲೇ ಕೂತು ಹಾಡ್ತೀನಿ."

"ಅವಳೊಬ್ಳೇ ಹಾಡಲ್ಲ ಸಾರ್," ಎಂದಳು ಓಬಳಮ್ಮ.

ಮುರಳಿಮೋಹನ್ ಕಾಗದವನ್ನು ಮಡಿಸಿ ಮಡಿಸಿ ಜೇಬಿಗೆ ತುರುಕಿದ. ಮ್ಯಾನೇಜರ್ ರೂಮಿನ ಕಡೆ ಹೊರಟ.

ಗೋಡೆ ಬದಿಗೆ ನೀರಿನ ಡ್ರಮ್ಮು, ಅದಕ್ಕೆ ಸರಪಳಿ ಕಟ್ಟಿದ ಸ್ಟೀಲ್ ಲೋಟ. ಶೋಭಾರಾಣಿ ತುಂಬಿಸಿ ಗಟಗಟ ಕುಡಿದಳು, ಮತ್ತೆ ತುಂಬಿಸಿ ಕುಡಿದಳು. ಹಿಂದೆ ಜಬೀನ್ ಬಂದು ನಿಂತಳು, ಅವಳ ಹಿಂದೆ ಓಬಳಮ್ಮ. ನೋಡನೋಡುತ್ತ ಸಾಲು ಬಾಗಿಲವರೆಗೆ ಬೆಳೆಯಿತು, ಲೋಟ ಕೈಯಿಂದ ಕೈಗೆ ಹೋಗುತ್ತಲೇ ಇತ್ತು.