ರಾಕ್ ಯಾರ ಮನೆಯ ಕೂಸು

ಅರುಣನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಹಾಗಂತ ಅವನೇನು ಕೆಟ್ಟ ಹುಡುಗನಲ್ಲ. ವಾರವಿಡೀ ಕೋಲ್ಕತ್ತದ ಸಾಲ್ಟ್ ಲೇಕಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಬಾಯಿ ಮುಚ್ಚಿಕೊಂಡು ಕೂತು, ಶನಿವಾರ ಬಂತೆಂದರೆ ಗಾರ್ಡನ್ ರೀಚಿನ ರೈಲ್ವೆ ಕ್ವಾರ್ಟರ್ಸಿನ ಹಿಂದಿದ್ದ ಪಾಡಾ ಕ್ಲಬ್ಬಿಗೆ, ಅಂದರೆ ಕೇರಿಯ ಹುಡುಗರ ಕ್ಲಬ್ಬಿಗೆ, ಓಡಿ ಬಂದು ಡ್ರಮ್ಸ್ ಬಾರಿಸುವವನು. ಬಾರಿಸಿ ಬಾರಿಸಿ ಬೆವರಿಳಿದ ಮೇಲೆ ಅವನಷ್ಟು ಮೆತ್ತಗಿನ ಮನುಷ್ಯ ಇನ್ನೊಬ್ಬನಿಲ್ಲ ಎಂದು ನಿಹಾರಿಕಾ ಹೇಳುತ್ತಿದ್ದಳು. ಅವಳು ಅದೇ ಬ್ಯಾಂಡಿನಲ್ಲಿ ಹಾಡುವವಳು, ಗಿಟಾರ್ ನುಡಿಸುವ ಋಷಿಕೇಶನ ತಂಗಿ. ಚಳಿಗಾಲ ಕಳೆದ ಮೇಲೆ ಅರುಣನ ಹೆಂಡತಿಯಾಗಬೇಕಾದವಳೂ ಅವಳೇ.

ಆ ಮದುವೆ ಸುಮ್ಮನೆ ಕೂಡಿ ಬಂದದ್ದಲ್ಲ. ಅರುಣನ ಅಪ್ಪ ಬಸವಲಿಂಗಪ್ಪ ಧಾರವಾಡದ ಕಡೆಯವರು, ರೈಲ್ವೆ ನೌಕರರು. ನಿಹಾರಿಕಾಳ ಅಪ್ಪ ಬಾಲಕೃಷ್ಣ ಮೈಸೂರಿನವರು, ಬಾರಾನಗರದ ಸಂಶೋಧನಾ ಸಂಸ್ಥೆಯಲ್ಲಿ ಪ್ರೊಫೆಸರು. ಜಾತಿ ಬೇರೆ, ಊಟ ಬೇರೆ, ಮಾತಿನ ಧಾಟಿಯೂ ಬೇರೆ. ಒಲ್ಲೆವೆಂದು ಅಪ್ಪಂದಿರಿಬ್ಬರೂ ಪಟ್ಟು ಹಿಡಿದು ಕೂತಾಗ ಬಸ್ಸು ಹತ್ತಿಳಿದು, ಅತ್ತು ಕರೆದು, ಎರಡೂ ಮನೆಯವರನ್ನು ಒಪ್ಪಿಸಿದವಳು ಅರುಣನ ತಾಯಿ ಮಹಾಲಕ್ಷ್ಮಿ. ಅದಕ್ಕಾಗಿ ಗಂಡನ ಕೈಯಲ್ಲಿ ಪೆಟ್ಟು ತಿಂದಳೆಂಬುದು ಕ್ವಾರ್ಟರ್ಸಿಗೆಲ್ಲ ಗೊತ್ತಿತ್ತು. ಆ ಮನೆಯಲ್ಲಿ ಅದು ಹೊಸ ಸುದ್ದಿಯೂ ಅಲ್ಲ. ನಿಹಾರಿಕಾ ಇಟ್ಟದ್ದು ಒಂದೇ ಷರತ್ತು. "ನಿಮ್ಮಪ್ಪನ ಕೈ ನಿಂಗೆ ಬರಬಾರದು ಅರುಣ. ಒಂದೇ ಒಂದು ಸಲ ಎತ್ತಿದ್ರೂ ನಾನಿಲ್ಲ." ಅರುಣ ಆಯಿತೆಂದಿದ್ದ. ಮನಸಾರೆ ಅಂದಿದ್ದ, ಪಾಪ.

ಆ ವರ್ಷ ಜೋಕಾದ ಮ್ಯಾನೇಜ್‌ಮೆಂಟ್ ಕ್ಯಾಂಪಸ್ಸಿನ ಉತ್ಸವದಲ್ಲಿ ಅವರ ಬ್ಯಾಂಡಿಗೊಂದು ಅವಕಾಶ ಸಿಕ್ಕಿತು. ರಾಕ್ ಸಂಗೀತ ಹುಟ್ಟಿ ಬೆಳೆದ ಕಥೆಯನ್ನು ಹಾಡುತ್ತ ಹೇಳುವ ಕಾರ್ಯಕ್ರಮ. ಕಥೆ ಎಂದ ಮೇಲೆ ಮೊದಲು ಹೆರಿಗೆಯಾಗಬೇಕಲ್ಲ! ಯಾವ ಹಾಡಿನಿಂದ ಶುರುಮಾಡುವುದು ಎಂಬಲ್ಲಿಗೆ ಬಂತು ತಕರಾರು.

"ಅಮೇರಿಕಾದ ಹತ್ತಿ ಹೊಲದಾಗ ದುಡದವರ ಹಾಡಿಂದ ಶುರು ಮಾಡೋಣು," ಎಂದ ಅರುಣ ಡ್ರಮ್ಸ್ ಹಿಂದೆ ಕೂತುಕೊಂಡೇ. "ಗುಲಾಮರ ಕೈಯಾಗಿನ ಡೋಲು ಕಸಗೊಂಡ್ರು ಮಾಲಕರು. ಹೋದ್ರ ಹೋತು ಅಂತ ಅವರು ಚಪ್ಪಾಳಿ ಹೊಡದ್ರು, ನೆಲಾ ಒದ್ರು. ಚರ್ಚಿನಾಗ ಅದೇ ಚಪ್ಪಾಳಿ, ಬ್ಲೂಸ್‌ನಾಗ ಅದೇ ಸಂಕಟ. ನಾ ನಾಕು ಎಣಿಕ್ಯಾಗ ಎರಡನೇದಕ್ಕ, ನಾಕನೇದಕ್ಕ ಒತ್ತಿ ಬಾರಸ್ತೀನಲ್ಲ, ಅದು ಅಲ್ಲಿಂದ ಬಂದದ್ದು. ಏಟು ತಿಂದವರ ಸಂಗೀತಲೇ ಇದು."

"ಅರ್ಧ ಸತ್ಯ ಹೇಳ್ಬೇಡ ಕಣೋ," ಎಂದ ಋಷಿಕೇಶ್ ತಂತಿ ಬಿಗಿ ಮಾಡುತ್ತ. "ಬೆಟ್ಟದ ಮೇಲಿದ್ದ ಬಡ ಬಿಳಿಯರು ಎಲ್ಲಿ ಹೋದ್ರು? ಅವರ ಪಿಟೀಲು, ಬ್ಯಾಂಜೊ, ಕಂಟ್ರಿ ಹಾಡು? ಬರೀ ಚಪ್ಪಾಳೆ ತಟ್ಟಿದ್ರೆ ಭಜನೆ ಆಗುತ್ತೆ, ರಾಕ್ ಆಗಲ್ಲ."

"ಬ್ಯಾಂಜೊ ಆಫ್ರಿಕಾದ್ದಲೇ, ಶಾಣ್ಯಾ!"

"ಇಬ್ರದ್ದೂ ಸರಿ ಕಣ್ರೋ," ನಿಹಾರಿಕಾ ನಡುವೆ ಬಾಯಿ ಹಾಕಿದಳು. "ರೇಡಿಯೊಗೆ ಕಪ್ಪು ಬಿಳುಪು ಗೊತ್ತಾ? ಅಲ್ಲಿನ ಹುಡುಗರು ಎರಡನ್ನೂ ಕೇಳಿದ್ರು, ಎರಡರಿಂದಲೂ ಕದ್ರು. ಎರಡು ಹಾಡು ಸೇರಿಸಿ ಶುರು ಮಾಡೋಣ, ಮುಗೀತು."

ಅಲ್ಲಿಗೆ ಮುಗಿಯಬೇಕಿತ್ತು. ಬೇರೆ ಊರಾಗಿದ್ದರೆ ಮುಗಿಯುತ್ತಿತ್ತೇನೋ! ಕೋಲ್ಕತ್ತದಲ್ಲಿ ಕೂಗಾಟ ಕೇಳಿದರೆ ಯಾರೂ ಬಿಡಿಸಲು ಬರುವುದಿಲ್ಲ, ಕುರ್ಚಿ ಎಳೆದುಕೊಂಡು ಕೇಳಲು ಬರುತ್ತಾರೆ. ಫುಟ್‌ಬಾಲಿರಲಿ, ಮೀನಿರಲಿ, ರಾಜಕೀಯವಿರಲಿ, ಮೇಜು ಗುದ್ದಿ ಅರಚಾಡಿ ಕೊನೆಗೆ ಒಟ್ಟಿಗೆ ಚಹಾ ಕುಡಿದು ಏಳುವುದು ಅಲ್ಲಿಯ ಪದ್ಧತಿ. ಅದಕ್ಕೆ ಅಡ್ಡಾ ಎನ್ನುತ್ತಾರೆ. ಹೊರಗೆ ಕೇರಂ ಆಡುತ್ತಿದ್ದ ಕ್ಲಬ್ಬಿನ ಕಾರ್ಯದರ್ಶಿ ಖೋಕನ್‌ದಾ ತನ್ನ ದಂಡು ಕಟ್ಟಿಕೊಂಡು ಒಳಬಂದು ಗೋಡೆಗೊರಗಿ ನಿಂತ. ಕನ್ನಡ ಒಂದಕ್ಷರ ತಿಳಿಯದಿದ್ದರೂ ಬ್ಲೂಸ್, ಕಂಟ್ರಿ, ಗಿಟಾರ್ ಎಂಬುದು ಕಿವಿಗೆ ಬಿತ್ತು. "ಜಮೇ ಗೆಛೆ!" ಎಂದು ತೊಡೆ ತಟ್ಟಿದ. ರಂಗೇರಿತು ಎಂಬ ಖುಷಿ ಅವನಿಗೆ. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ನೋಡುವವರು ಬಂದರೆಂದ ಮೇಲೆ ಇಬ್ಬರಿಗೂ ಸೋಲುವ ಮನಸ್ಸಿಲ್ಲ.

"ಬಾರಾನಗರದ ಬಂಗಲೇದಾಗ ಕುಂತು ನಿನಗೇನಲೇ ಗೊತ್ತು, ಏಟು ತಿನ್ನೂದಂದ್ರ ಏನು ಅಂತ?" ಅರುಣ ಕಿರುಚಿದ.

"ನಿಂಗೊತ್ತಲ್ಲ, ಬಿಡು." ಋಷಿಕೇಶ್ ನಕ್ಕ. ನಗಬಾರದಿತ್ತು. "ನಿಮ್ಮನೇಲಿ ತಾಳ ಹಾಕೋನು ನಿಮ್ಮಪ್ಪ, ನಿಮ್ಮಮ್ಮನ ಬೆನ್ನೇ ಡ್ರಮ್ಮು. ಬಾರಿಸೋದನ್ನ ಅಲ್ಲೇ ತಾನೇ ಕಲ್ತಿದ್ದು?"

ಥೂ, ಎಂಥ ಮಾತು! ನಿಹಾರಿಕಾ "ಅಣ್ಣಾ!" ಎನ್ನುವಷ್ಟರಲ್ಲಿ ಅರುಣ ಡ್ರಮ್ಸ್ ಹಾರಿ ಬಂದಿದ್ದ. ಮೊದಲ ಗುದ್ದಿಗೆ ಋಷಿಕೇಶನ ತುಟಿ ಒಡೆದು ಹಲ್ಲೆಲ್ಲ ಕೆಂಪಾಯಿತು. ಅವನೇನೂ ಸುಮ್ಮನೆ ಕೂರುವವನಲ್ಲ, ಪಕ್ಕದಲ್ಲಿದ್ದ ಮರದ ಕುರ್ಚಿ ಎತ್ತಿ ಬೀಸಿದ. ಅರುಣನ ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಇಬ್ಬರೂ ತಬ್ಬಿಕೊಂಡು ಉರುಳಿದರು, ಉಗುರಿನಿಂದ ಪರಚಿದರು, ಮೊಣಕಾಲಿನಿಂದ ತಿವಿದರು. ಮೊದಲು ಎದ್ದವನು ಅರುಣ. ಕೈಗೆ ಸಿಕ್ಕಿದ್ದು ಸಿಂಬಲ್ ತಟ್ಟೆ ನಿಲ್ಲಿಸುವ ಕಬ್ಬಿಣದ ಸ್ಟ್ಯಾಂಡು. ಬಿದ್ದಲ್ಲಿಂದಲೇ ಋಷಿಕೇಶ್ ತಲೆಗೆ ಎಡಗೈ ಅಡ್ಡ ಹಿಡಿದ. ಏಟು ಆ ಬೆರಳುಗಳ ಮೇಲೆ ಬಿತ್ತು. ಹಸಿ ಕಟ್ಟಿಗೆ ಮುರಿದ ಸದ್ದಾಯಿತು.

ಆಗಲಾದರೂ ನಿಲ್ಲಿಸಿದನೇ? ಇಲ್ಲ. ನೆಲದ ಮೇಲೆ ಬಿದ್ದಿದ್ದ ಅದೇ ಕೈಗೆ ಇನ್ನೊಂದು ಹಾಕಿದ. ಮೊದಲನೆಯ ಏಟು ಅವ್ವನ ಸಲುವಾಗಿ ಎಂದು ಅವನಿಗೆ ಗೊತ್ತಿತ್ತು. ಎರಡನೆಯದು ಯಾರ ಸಲುವಾಗಿ ಎಂದು ಗೊತ್ತಿರಲಿಲ್ಲ, ಆದರೆ ಹಿತವಾಗಿತ್ತು. ಅದಕ್ಕೇ ಮತ್ತೆ ಎತ್ತಿದ. ಹಿಂದಿನಿಂದ ಯಾರೋ ತೋಳು ಹಿಡಿದು ಎಳೆದರು. ಯಾರೆಂದು ನೋಡುವ ವ್ಯವಧಾನ ಎಲ್ಲಿ? ಮೊಣಕೈ ತಿರುಗಿಸಿ ಬಲವಾಗಿ ಬೀಸಿದ. ನಿಹಾರಿಕಾ ಹಾರಿ ಹೋಗಿ ಸ್ಪೀಕರಿನ ಮೂಲೆಗೆ ಹಣೆ ಬಡಿದು ಕುಸಿದಳು.

ಇದು ಅಡ್ಡಾ ಅಲ್ಲ ಎಂದು ಖೋಕನ್‌ದಾನಿಗೆ ಆಗ ಹೊಳೆಯಿತು. ನಾಲ್ಕು ಜನ ಸೇರಿ ಅರುಣನನ್ನು ಗೋಡೆಗೆ ಒತ್ತಿ ಹಿಡಿದರು. ಅವನ ಕೈಯಿಂದ ಸ್ಟ್ಯಾಂಡು ಬಿಡಿಸಲು ಬೆರಳನ್ನು ಒಂದೊಂದಾಗಿ ಎಬ್ಬಿಸಬೇಕಾಯಿತು.

ಅಲಿಪುರದ ನರ್ಸಿಂಗ್ ಹೋಮಿನಲ್ಲಿ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ತಲೆಯಾಡಿಸಿದರು. ಮೂಳೆ ಪುಡಿಯಾಗಿದೆ, ಕೂಡಿಸಬಹುದು, ಆದರೆ ಆ ಬೆರಳುಗಳು ಇನ್ನು ತಂತಿಯ ಮೇಲೆ ಮಡಚುವುದಿಲ್ಲ ಎಂದರು. ಬಾರಾನಗರದಿಂದ ಟ್ಯಾಕ್ಸಿಯಲ್ಲಿ ಬಂದ ಬಾಲಕೃಷ್ಣ ಬೆಂಚಿನ ಮೇಲೆ ಕೂತರು. ಅವರ ಹೆಂಡತಿ ವಸುಂಧರಾ ಅರುಣನನ್ನು ಕಂಡದ್ದೇ, "ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ, ನಾವೇ ಕುರುಡರಾದ್ವಿ," ಎಂದು ಅತ್ತರು. ಪೊಲೀಸರ ಮಾತೂ ಬಂತು. ಬೇಡ ಅಂದವನು ಋಷಿಕೇಶನೇ. ಬ್ಯಾಂಡೇಜಿನ ಕೈ ಎದೆಯ ಮೇಲಿಟ್ಟುಕೊಂಡು, "ನಾನೂ ಹೊಲಸು ಮಾತಾಡ್ದೆ ಅಮ್ಮಾ," ಎಂದು ಗೋಡೆಗೆ ಮುಖ ತಿರುಗಿಸಿದ.

ಅಷ್ಟರಲ್ಲಿ ಬಸವಲಿಂಗಪ್ಪನವರು ಬಂದರು, ಹಿಂದೆ ಮಹಾಲಕ್ಷ್ಮಿ. ವಿಷಯವೆಲ್ಲ ಕೇಳಿ ಅವರು ಮಗನ ಬೆನ್ನ ಮೇಲೆ ಕೈಯಿಟ್ಟರು. "ಹಡದವ್ವನ ಹೆಸರು ತಗದ್ರ ಯಾವ ಗಂಡಸು ಸುಮ್ಮನಿರತಾನ್ರಿ? ನಾನಿದ್ರೂ ಹಿಂಗ ಮಾಡತಿದ್ದೆ," ಎಂದು ಬಾಲಕೃಷ್ಣರಿಗೇ ಹೇಳಿದರು.

ಅರುಣ ಅಪ್ಪನ ಕೈ ಕೊಸರಿಕೊಂಡು ಹೋಗಿ ನಿಹಾರಿಕಾಳ ಮುಂದೆ ನೆಲಕ್ಕೆ ಕೂತ. ಅವಳ ಹಣೆಗೆ ಹೊಲಿಗೆ ಹಾಕಿದ್ದರು, ಒಂದು ಕಣ್ಣು ಊದಿ ಮುಚ್ಚಿತ್ತು. ಅವಳ ಪಾದ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ.

"ತಪ್ಪಾತು ನಿಹಾ. ನೀ ಅಂತ ಗೊತ್ತಿರಲಿಲ್ಲ. ಸಿಟ್ಟು ತಡಕೊಳ್ಳಾಕ ಆಗಲಿಲ್ಲ. ಇನ್ನೊಮ್ಮೆ ಆಗಂಗಿಲ್ಲ, ದೇವರಾಣೆ. ನೀ ಬಿಟ್ಟು ಹೋದ್ರ ನಾ ಸತ್ತು ಹೋಗ್ತೀನಿ."

ಷರತ್ತು ನಿಹಾರಿಕಾಳಿಗೆ ನೆನಪಿರಲಿಲ್ಲವೆಂದಲ್ಲ. ಆದರೆ ಅಣ್ಣನ ಬಾಯಿಂದ ಬಂದ ಮಾತೂ ನೆನಪಿತ್ತು, ಕಾಲ ಬುಡದಲ್ಲಿ ಅಳುತ್ತಿದ್ದವನ ಮೇಲೆ ಪ್ರೀತಿಯೂ ಇತ್ತು, ಅದೇನು ಒಂದು ಮಧ್ಯಾಹ್ನದಲ್ಲಿ ಸಾಯುತ್ತದೆಯೇ? ನಿಧಾನವಾಗಿ ಕೈ ಚಾಚಿ ಅವನ ತೋಳು ಹಿಡಿದಳು.

"ಬ್ಯಾಡ ತಂಗಿ."

ಮಹಾಲಕ್ಷ್ಮಿಯ ದನಿ. ಗಂಡನ ಮುಂದೆ ಯಾವತ್ತೂ ಏರದ ದನಿ ಆವತ್ತೂ ಏರಲಿಲ್ಲ. ಅವಳು ಬಂದು ಹುಡುಗಿಯ ಪಕ್ಕ ನಿಂತಳು, ಮಗನನ್ನು ನೋಡಲಿಲ್ಲ.

"ಈ ಮಾತು ನಾ ಕೇಳೇನಿ. ಇವೇ ಮಾತು, ಹಿಂಗ ಅಳೂದು, ಹಿಂಗ ಕಾಲು ಹಿಡಿಯೂದು. ಲಗ್ನಾದ ವರ್ಷ ಇವರಪ್ಪನೂ ಹಿಂಗ ನನ್ನ ಮುಂದ ಕುಂತಿದ್ರು. ನಾ ತೋಳು ಹಿಡದು ಎಬ್ಬಿಸಿದೆ. ನೀ ಎಬ್ಬಸಬ್ಯಾಡ."

"ಅವ್ವಾ!" ಎಂದ ಅರುಣ.

ನಿಹಾರಿಕಾ ಅವನ ತೋಳು ಬಿಟ್ಟಳು. ಮಹಾಲಕ್ಷ್ಮಿ ಅವಳನ್ನು ನಡೆಸಿಕೊಂಡು ಋಷಿಕೇಶನ ಕೋಣೆಗೆ ಹೋದಳು. ಮಗ ಇನ್ನೂ ನೆಲದ ಮೇಲೇ ಇದ್ದ.