ಹಿತ್ತಲ ಗೋಡೆ ಹಾರಿದವನು

ಕ್ಯಾಮೆರಾ ಬಂದ ಮೇಲೆ ನಮ್ಮ ಬೀದಿಯಲ್ಲಿ ಕಳ್ಳತನ ನಿಂತಿದ್ದು ಸುಳ್ಳಲ್ಲ. ಮೊದಲು ತಿಂಗಳಿಗೆ ಎರಡು ಮನೆಯ ಬೀಗ ಒಡೆಯುತ್ತಿದ್ದರು. ಹೆಚ್ಚುಕಮ್ಮಿ ಎಲ್ಲರೂ ಮುಂಬಾಗಿಲಿಗೆ ಹಾಕಿಸಿದ ಮೇಲೆ ಒಂದು ವರ್ಷ ಯಾರದೂ ಒಂದು ಚಮಚವೂ ಕಳೆದಿರಲಿಲ್ಲ. ಹಾಕಿಸದೆ ಉಳಿದಿದ್ದು ನಮ್ಮ ಮನೆ, ಪಕ್ಕದ ಟೈಲರ್ ಮನೆ ಎರಡೇ.

ಕ್ಯಾಮೆರಾ ಹಾಕುವವನು ಉದ್ದನೆಯ ಆಸಾಮಿ, ಇಬ್ಬರು ಮಕ್ಕಳ ತಂದೆ. ಎಲ್ಲರೂ ಅವನನ್ನು ಏಣಿ ಎಂದೇ ಕರೆಯುವುದು. ಒಂದು ದಿನ ಮಧ್ಯಾಹ್ನ ಬಂದು ನಮ್ಮ ಹಿತ್ತಲಿಗೂ ಒಂದು ಹಾಕಿ, "ಅಕ್ಕಾ, ಮಾತೂ ರೆಕಾರ್ಡ್ ಆಗ್ಲಾ?" ಎಂದ.

"ಅಯ್ಯೋ, ಬೇಡಪ್ಪಾ! ಅಲ್ಲಿ ನಿಂತು ನಮ್ಮತ್ತೆ ಪುರಾಣನೆಲ್ಲ ತಂಗಿಗೆ ಫೋನಲ್ಲಿ ಹೇಳ್ತೀನಿ. ಇವರ ಕಿವಿಗೆ ಬಿದ್ರೆ ನನ್ನ ಕಥೆ ಮುಗೀತು."

ನಗುತ್ತಾ ಧ್ವನಿ ಬಂದ್ ಮಾಡಿದ. ಆಮೇಲೆ, "ಕಳ್ಳ ಹೇಗೆ ಬರ್ತಾನೋ ಹಾಗೇ ಬರ್ತೀನಿ, ಕಾಣ್ತೀನಾ ನೋಡಿ" ಎಂದು ಮುಖಕ್ಕೆ ಟವೆಲ್ ಸುತ್ತಿಕೊಂಡು ಗೋಡೆ ಹಾರಿದ, ಚಿಲಕ ಅಲ್ಲಾಡಿಸಿದ. ನಾನು ಅಡುಗೆಮನೆಯಲ್ಲಿ ಫೋನ್ ಹಿಡಿದು, "ಲೋ ಕಳ್ಳಾ, ಕಾಲು ಜೋಪಾನ ಕಣೋ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನು ಹೋದ ಮೇಲೆ ತಂಗಿಯ ಊರಿನ ಬಸ್ಸು ಹತ್ತಿದೆ.

ಅದೇ ಮಧ್ಯಾಹ್ನ ಯಾರೋ ಟೈಲರ್ ಮನೆಯ ಹಿಂಬಾಗಿಲು ಒಡೆದು ಎಲ್ಲಾ ಬಳಿದುಕೊಂಡು ಹೋದರು. ಸಂಜೆ ನಮ್ಮವರು ಕ್ಯಾಮೆರಾದ ರೆಕಾರ್ಡಿಂಗ್ ತೆಗೆದು ನೋಡಿ, ಟವೆಲ್ ಸುತ್ತಿದವನ ಚಿತ್ರವನ್ನು ಬೀದಿಯವರ ಗ್ರೂಪಿಗೆ ಕಳಿಸಿದರು. ಆ ಉದ್ದ ನೋಡಿದರೆ ಗುರುತು ಹಿಡಿಯುವುದು ಎಷ್ಟು ಹೊತ್ತು? ಕ್ಯಾಮೆರಾ ಹಾಕಿದವನೇ ಅದರ ಎದುರು ಬಂದು ಯಾಕೆ ಕದೀತಾನೆ ಅನ್ನುವುದು ಮಾತ್ರ ಒಬ್ಬನ ಮಂಡೆಗೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಟೈಲರ್ ಮನೆಗೆ ಕ್ಯಾಮೆರಾ ಹಾಕಲು ಏಣಿ ಬಂದನಂತೆ. "ಅಕ್ಕನ್ನ ಕೇಳಿ, ಅಕ್ಕ ನೋಡ್ತಾ ಇದ್ರು" ಎಂದು ಕೂಗಿಕೊಂಡನಂತೆ. ಬೀದಿಯವರೆಲ್ಲ ಸೇರಿ ಅವನ ಬಲಗೈಯನ್ನು ಕಲ್ಲಿನ ಮೇಲಿಟ್ಟು ಜಜ್ಜಿದರು.

ಮಧ್ಯಾಹ್ನ ವಾಪಸ್ ಬಂದವಳು ಸುದ್ದಿ ಕೇಳಿ ನಮ್ಮವರ ಮೇಲೆ ಕಿರುಚಿದೆ. "ನನಗೊಂದು ಫೋನ್ ಮಾಡೋಕೆ ಏನಾಗಿತ್ತು ರೀ ನಿಮಗೆ?"

"ಎಲ್ಲಾ ಕಣ್ಣಿಗೆ ಕಾಣ್ತಿತ್ತಲ್ಲೇ" ಎಂದರು.

ಆಸ್ಪತ್ರೆಗೆ ಓಡಿದೆ. ಮೂರು ಬೆರಳು ಇನ್ನು ಮಡಚುವುದಿಲ್ಲ ಎಂದಿದ್ದರು ಡಾಕ್ಟರು. ಸ್ಕ್ರೂ ತಿರುಗಿಸುತ್ತಿದ್ದ ಬೆರಳುಗಳು. ಅವನ ಹೆಂಡತಿ ನನ್ನ ಮುಖ ನೋಡಲಿಲ್ಲ. ನನಗೆ ನಿಂತಲ್ಲೇ ಸಾಯಬೇಕು ಅನ್ನಿಸಿತು. ಅವನು ಮಾತ್ರ ಕಣ್ಣು ತೆರೆದ.

"ಎಷ್ಟು ಜೋರಾಗಿ ನಕ್ಕಿದ್ರಿ ಅಕ್ಕಾ ನೀವು" ಎಂದ. "ಅದೊಂದು ಕ್ಯಾಮೆರಾದಲ್ಲಿ ಅವರಿಗೆ ಕೇಳಿಸಿದ್ದಿದ್ರೆ ಸಾಕಿತ್ತು."