ಚಕ್ರಕ್ಕೆ ಕೊಟ್ಟ ಕಲ್ಲು

ಹಿಂದಿನ ಚಕ್ರಕ್ಕೆ ಎರಡನೆಯ ಕಲ್ಲು ಕೊಟ್ಟು ವ್ಯಾನಮ್ಮ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಪೊಲೀಸ್ ಬೈಕೊಂದು ಬಂದು ಪಕ್ಕದಲ್ಲೇ ನಿಂತಿತು. ಇಳಿದವಳು ಮೂವತ್ತು ದಾಟಿರದ ಹೆಣ್ಣುಮಗಳು. ಹೆಲ್ಮೆಟ್ಟನ್ನು ಬೈಕಿನ ಕನ್ನಡಿಗೆ ಸಿಕ್ಕಿಸಿ, ಮೊದಲು ಮಾಸಿದ ಹಳದಿಯ ಹಳೆಯ ಸ್ಕೂಲ್ ವ್ಯಾನಿನ ನಂಬರ್ ಪ್ಲೇಟ್ ನೋಡಿದಳು, ಆಮೇಲೆ ಕಿಟಕಿಯ ಹೂವಿನ ಪರದೆ ನೋಡಿದಳು. ತೆರೆದ ಬಾಗಿಲಿನೊಳಗೆ ಮಡಚುವ ಮೇಜು, ಮೇಜಿನ ಮೇಲೆ ಬ್ರಾಂದಿ ಬಾಟಲಿ, ಬಾಟಲಿಯ ಹಿಂದೆ ಸೂಜಿಗೆ ದಾರ ಪೋಣಿಸುತ್ತ ಕೂತ ಸಣಕಲು ಗಂಡಸು. ಅವಳ ಕಣ್ಣು ಬಾಟಲಿಯ ಮೇಲೆ ನಿಂತಿತು.

"ಇದು ಗಾಡಿನಾ, ಮನೆನಾ?"

"ಕೀ ಇವಳ ಹತ್ರ ಇದ್ರೆ ಗಾಡಿ, ನನ್ನ ಹತ್ರ ಇದ್ರೆ ಮನೆ," ಎಂದ ಗಂಡ ಒಳಗಿನಿಂದಲೇ. "ಹದಿನಾಲ್ಕು ವರ್ಷದಿಂದ ಇದು ಗಾಡಿನೇ, ಮೇಡಂ."

ವ್ಯಾನಮ್ಮ ಅವನನ್ನು ದುರುಗುಟ್ಟಿ ನೋಡಿದಳು. ಪೊಲೀಸರ ಮುಂದೆ, ಡಾಕ್ಟರ ಮುಂದೆ, ಶಾಲೆಯ ಹೆಡ್‌ಮೇಡಂ ಮುಂದೆ ತಮಾಷೆ ಮಾಡಬಾರದು ಎಂದು ಮೂವತ್ತೆರಡು ವರ್ಷದಿಂದ ಹೇಳಿದ್ದು ಆ ಮನುಷ್ಯನ ಕಿವಿಗೆ ಇಳಿದೇ ಇರಲಿಲ್ಲ.

"ಇಲ್ಲಿ ರಾತ್ರಿ ಮಲಗೋಕೆ ಅಡ್ಡಿಯಿಲ್ಲ," ಎಂದಳು ಪೊಲೀಸಮ್ಮ. "ಕುಡಿಯೋಕೂ ಅಡ್ಡಿಯಿಲ್ಲ. ಆದ್ರೆ ನಿಂತ ಗಾಡಿನೂ ಗಾಡಿನೇ. ಕುಡಿದೋರ ಕೈಲಿ ಕೀ ಕಂಡ್ರೆ, ಓಡ್ಸೋಕೆ ಹೊರಟಿದ್ರು ಅಂತ ನಾನು ಬರ್ಕೋಬಹುದು. ಕಾನೂನಿಗೆ ನಿಮ್ಮ ಹಾಸಿಗೆ ಕಾಣ್ಸಲ್ಲ, ಚಕ್ರ ಕಾಣ್ಸುತ್ತೆ. ಕೀ ಯಾರ ಹತ್ರ ಇದೆ?"

ವ್ಯಾನಮ್ಮ ಕತ್ತಿನಲ್ಲಿದ್ದ ದಾರ ಎಳೆದು ತೋರಿಸಿದಳು. ಅದರ ತುದಿಯಲ್ಲಿ ಕೀ ತೂಗುತ್ತಿತ್ತು.

"ನೀವು ಕುಡಿದಿದೀರಾ?"

"ಅವಳಾ?" ಗಂಡ ನಕ್ಕ, ನಕ್ಕಿದ್ದಕ್ಕೆ ಕೆಮ್ಮು ಬಂತು. "ಕೆಮ್ಮಿನ ಔಷಧಿ ಕೊಟ್ರೂ ಶೀಸೆ ತಿರುಗಿಸಿ ಓದ್ತಾಳೆ, ಮೇಡಂ."

ಆದರೂ ಕುಡಿತ ಹಿಡಿಯುವ ಯಂತ್ರಕ್ಕೆ ಊದಬೇಕಾಯಿತು. ವ್ಯಾನಮ್ಮ ಉಸಿರೆಳೆದುಕೊಂಡು, ಪರೀಕ್ಷೆಗೆ ಕೂತ ಮಕ್ಕಳ ಗಾಂಭೀರ್ಯದಲ್ಲಿ ನಳಿಕೆಗೆ ಊದಿದಳು. ಸೊನ್ನೆ. ಪೊಲೀಸಮ್ಮ ಯಂತ್ರವನ್ನು ಜೇಬಿಗಿಳಿಸಿ, ದನಿಯನ್ನೂ ಸ್ವಲ್ಪ ಇಳಿಸಿದಳು. "ತಪ್ಪು ತಿಳ್ಕೋಬೇಡಿ ಅಮ್ಮ. ನನ್ನ ಮಗನೂ ಸ್ಕೂಲ್ ವ್ಯಾನಲ್ಲೇ ಹೋಗೋದು. ಓಡ್ಸೋರು ಒಂದು ಗುಟುಕು ಹಾಕಿದ್ರೂ ಹನ್ನೆರಡು ಗಂಟೆ ಗಾಡಿ ಎತ್ತಬಾರದು. ಇಲ್ಲಾಂದ್ರೆ, ಯಂತ್ರ ಸೊನ್ನೆ ತೋರಿಸ್ಬೇಕು. ಬೆಳಿಗ್ಗೆ ಆರಕ್ಕೆ ಇದೇ ದಾರಿಲಿ ವಾಪಸ್ ಬರ್ತೀನಿ." ಬೈಕು ಕೆರೆಯ ಏರಿ ಹತ್ತಿ ಮರೆಯಾಯಿತು.

ಸೂರ್ಯ ಇನ್ನೂ ಪೂರ್ತಿ ಮುಳುಗಿರಲಿಲ್ಲ. ನೀರಿನ ಆಚೆ ದಡದಲ್ಲಿ ಯಾರೋ ದೋಣಿ ಎಳೆದು ಮೇಲೆ ಹಾಕುತ್ತಿದ್ದರು. ವ್ಯಾನಮ್ಮ ಒಳಗೆ ಹೋಗಿ ಗಡಿಯಾರ ನೋಡಿದಳು. ನೋಡುವ ಅಗತ್ಯವೇನೂ ಇರಲಿಲ್ಲ. ಇಪ್ಪತ್ತಾರು ವರ್ಷ ಮಕ್ಕಳನ್ನು ಮನೆಬಾಗಿಲಿನಿಂದ ಎತ್ತಿಕೊಂಡು ಶಾಲೆಯ ಗೇಟಿಗೆ ಬಿಟ್ಟವಳು ಅವಳು. ಒಂದು ದಿನವೂ ಎರಡನೆಯ ಗಂಟೆ ಹೊಡೆದ ಮೇಲೆ ತಲುಪಿದ್ದಿಲ್ಲ. ಮಕ್ಕಳಿಟ್ಟ ಹೆಸರು ವ್ಯಾನಮ್ಮ. ಗಂಡನಿಗೂ ಅದೇ ಬಾಯಿಗೆ ಬಂದು, ಅವಳ ಸ್ವಂತ ಹೆಸರು ಈಗ ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು.

ಈ ಗಾಡಿಯೂ ಅವಳ ಹಳೆಯ ಸ್ಕೂಲ್ ವ್ಯಾನೇ. ಹನ್ನೆರಡು ವರ್ಷ ಓಡಿ, ಇನ್ನು ಮಕ್ಕಳನ್ನು ಕೂರಿಸಬಾರದು ಎಂದು ತಪಾಸಣೆಯಲ್ಲಿ ಬರೆದಾಗ ಅವಳು ಅತ್ತಿದ್ದಳು. ಗಂಡ ಗಾಡಿಗಳಿಗೆ ಸೀಟು ಹೊಲಿಯುವವನು. ಊರಿನ ಅರ್ಧ ಗಾಡಿಗಳ ಕುಶನ್ನು ಅವನ ಕೈಯದೇ ಆದರೂ ಸ್ಟೇರಿಂಗ್ ಮುಟ್ಟಿದವನಲ್ಲ, ಕಲಿಯುವ ಆಸೆಯೂ ಇರಲಿಲ್ಲ. ಅವನು ವ್ಯಾನನ್ನು ಅಂಗಡಿಯ ಹಿಂದಕ್ಕೆ ತರಿಸಿಕೊಂಡು, ನಾಲ್ಕು ತಿಂಗಳು ಕೂತು, ಮಕ್ಕಳ ಸೀಟುಗಳ ಬೆನ್ನು ಮುರಿದು ಅಡ್ಡ ಮಲಗಿಸಿ ಇಬ್ಬರ ಹಾಸಿಗೆ ಮಾಡಿದ. ಮೂಲೆಯಲ್ಲಿ ಒಲೆ, ಕಿಟಕಿಗೆ ಪರದೆ. ತಲೆದಿಂಬಿನ ಪಕ್ಕದ ತಗಡಿನಲ್ಲಿ ಯಾವುದೋ ಮಗು ಕೈವಾರದಿಂದ ಕೊರೆದ ಮೀನೊಂದು ಹಾಗೇ ಇತ್ತು. ಅದರ ಮೇಲೆ ಬಣ್ಣ ಬಳಿಯಲು ಅವಳು ಬಿಟ್ಟಿರಲಿಲ್ಲ.

ಅಂದಿನಿಂದ ಪ್ರತಿ ಶನಿವಾರ ಎಲ್ಲಾದರೂ ನೀರಿನ ಪಕ್ಕ. ಗಾಡಿ ನಿಲ್ಲಬೇಕು, ಚಕ್ರಕ್ಕೆ ಕಲ್ಲು ಬೀಳಬೇಕು, ಕೀ ಅವಳ ಕತ್ತಿಗೆ ಬೀಳಬೇಕು. ಆಮೇಲೆಯೇ ಅವನು ಬಾಟಲಿಯ ಮುಚ್ಚಳಕ್ಕೆ ಕೈ ಹಾಕುತ್ತಿದ್ದುದು. ಎರಡು ಲೋಟ, ಮೂರನೆಯದಕ್ಕೆ ಅವಳು ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. "ಒಂದಿನ ನಿಂಗೂ ಕುಡಿಸ್ತೀನಿ ಕಣೇ, ವ್ಯಾನಮ್ಮ. ಅವತ್ತು ಕೀ ನನ್ನ ಕತ್ತಲ್ಲಿರುತ್ತೆ," ಎನ್ನುತ್ತಿದ್ದ. ಆ ಒಂದಿನ ಬರಲಿಲ್ಲ. ಭಾನುವಾರ ಬೆಳಿಗ್ಗೆ ಕಣ್ಣುಬಿಟ್ಟ ಕೂಡಲೇ ಅವಳು ಇಳಿದು ಕಲ್ಲು ತೆಗೆಯುತ್ತಿದ್ದಳು. ಸೋಮವಾರಕ್ಕೆ ಡೀಸೆಲ್ ಹಾಕಿಸಬೇಕು, ಹೊಸ ವ್ಯಾನು ತೊಳೆಯಬೇಕು, ಮಕ್ಕಳು ಕಾಯುತ್ತಾರೆ. ಹದಿನಾಲ್ಕು ವರ್ಷದಲ್ಲಿ ಈ ಗಾಡಿ ಎಲ್ಲಿಯೂ ಎರಡು ರಾತ್ರಿ ನಿಂತದ್ದಿಲ್ಲ.

ಈಗ ಎಂಟು ತಿಂಗಳಿಂದ ಅವನು ಕುಡಿಯುತ್ತಿರಲಿಲ್ಲ. ನೋವಿನ ಮಾತ್ರೆಗೂ ಬ್ರಾಂದಿಗೂ ಆಗಿಬರುವುದಿಲ್ಲ. ಬಾಟಲಿ ಮಾತ್ರ ಜೊತೆಗೆ ಬರುತ್ತಿತ್ತು. ಸಂಜೆ ಮುಚ್ಚಳ ತೆಗೆದು, ಒಮ್ಮೆ ಮೂಸಿ, ಮುಚ್ಚಿಡುತ್ತಿದ್ದ. "ವಾಸನೆಗೆ ಇನ್ನೂ ಕಾನೂನು ಮಾಡಿಲ್ಲ," ಎನ್ನುತ್ತಿದ್ದ. ನಾಳೆ ಎಂಟು ಗಂಟೆಗೆ ಅವನು ಆಸ್ಪತ್ರೆಯ ವಾರ್ಡಿಗೆ ಸೇರಬೇಕಿತ್ತು. ವಾಸಿಯಾಗಲು ಅಲ್ಲ, ನೋವು ತಡೆಯಲು ಅಷ್ಟೇ ಎಂದು ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡೇ ಹೇಳಿದ್ದರು. ಅಲ್ಲಿಂದ ಮರಳಿ ಬಂದವರ ಸುದ್ದಿ ಇಬ್ಬರೂ ಕೇಳಿರಲಿಲ್ಲ. ದಾರಿ ಎರಡು ಗಂಟೆಯದು, ಅಂದರೆ ಆರಕ್ಕೆ ಹೊರಡಬೇಕು. ಅವಳು ಆಗಲೇ ಲೆಕ್ಕ ಹಾಕಿದ್ದಳು.

ಗಂಡ ಮಡಿಲಲ್ಲಿಟ್ಟುಕೊಂಡಿದ್ದುದು ಅವಳ ಡ್ರೈವರ್ ಸೀಟಿನ ಹೊಸ ಕವರು. ಬೆನ್ನಿನ ಕೆಳಭಾಗಕ್ಕೆ, ಅವಳಿಗೆ ನೋಯುವ ಕಡೆ, ಒಳಗೊಂದು ದಿಂಡು ಕೂರಿಸಿದ್ದ. ಒಂದು ಬದಿಯ ಅಂಚು ಮುಗಿದಿತ್ತು. ಇನ್ನೊಂದು ಬದಿ ಬಾಕಿ. ಬೆರಳು ನಡುಗುವುದರಿಂದ ಉದ್ದ ದಾರ ಗಂಟಾಗುತ್ತದೆಂದು ಗೇಣುದ್ದದ ತುಂಡು ಪೋಣಿಸಿ, ಏಳೆಂಟು ಹೊಲಿಗೆ ಹಾಕಿ, ಮತ್ತೆ ಪೋಣಿಸುತ್ತಿದ್ದ.

"ವಾರ್ಡಿಗೆ ಸೂಜಿ ಬಿಡಲ್ವಂತೆ," ಎಂದ.

"ಬಿಡಲ್ಲ. ಕೇಳಿದೀನಿ."

"ಇನ್ನೊಂದು ದಿನ ಇದ್ದಿದ್ರೆ ಈ ಅಂಚು ಮುಗೀತಿತ್ತು."

"ರೀ, ಶುರು ಮಾಡ್ಬೇಡಿ. ನಾಳೆ ಎಂಟು ಅಂದ್ರೆ ಎಂಟು. ಹೋಗದೇ ಇದ್ರೆ ಹಾಸಿಗೆ ಬೇರೆಯವರಿಗೆ ಕೊಡ್ತಾರಂತೆ."

"ಕೊಡ್ಲಿ ಬಿಡೆ. ಪಾಪ, ಅವರಿಗೂ ನೋವಿರುತ್ತೆ." ಸೂಜಿ ಕೆಳಗಿಟ್ಟು ಕಿಟಕಿಯ ಹೊರಗೆ ನೋಡಿದ. ತಮಾಷೆ ಅವನ ಮುಖದಿಂದ ಇಳಿದುಹೋಗಿತ್ತು. "ಅಂಚಿಗಲ್ಲ ಕಣೇ. ಹೊರಡೋದೇ ಇಲ್ಲದ ಒಂದು ಬೆಳಿಗ್ಗೆ ಬೇಕಾಗಿತ್ತು ನಂಗೆ. ಇಷ್ಟು ವರ್ಷ ನಾನು ಎಚ್ಚರ ಆಗ್ತಿದ್ದಿದ್ದೇ ನೀನು ಕಲ್ಲು ಎಳೆಯೋ ಸದ್ದಿಗೆ. ಒಂದ್ಸಲ, ಒಂದೇ ಒಂದ್ಸಲ, ಆ ಸದ್ದಿಲ್ದೆ ಏಳ್ಬೇಕು ಅಂತಿತ್ತು."

ವ್ಯಾನಮ್ಮನಿಗೆ ಸಿಟ್ಟು ಬಂತು. ಇದನ್ನು ಹದಿನಾಲ್ಕು ವರ್ಷದಲ್ಲಿ ಯಾವತ್ತಾದರೂ ಹೇಳಬಹುದಿತ್ತು. ಒಂದು ಸೋಮವಾರ ರಜೆ ಹಾಕುತ್ತಿದ್ದಳು. ಹಾಕುತ್ತಿದ್ದಳೇ? ಬೇಸಿಗೆ ರಜೆಯಲ್ಲೂ ಭಾನುವಾರ ಬೆಳಗಾದರೆ ಕೈ ತಾನಾಗಿ ಕಲ್ಲಿಗೆ ಹೋಗುತ್ತಿತ್ತಲ್ಲ. ಅವಳು ಒಲೆಯ ಮೇಲೆ ನೀರಿಟ್ಟಳು, ಆರಿಸಿದಳು, ಮತ್ತೆ ಹಚ್ಚಿದಳು.

"ಆ ಪೊಲೀಸಮ್ಮ ಏನಂದ್ಲು?" ಅವನು ಮತ್ತೆ ಹಳೆಯ ದನಿಗೆ ಬಂದಿದ್ದ. "ಒಂದು ಗುಟುಕಿಗೆ ಹನ್ನೆರಡು ಗಂಟೆ. ನೀನೊಂದು ಗುಟುಕು ಹಾಕಿದ್ರೆ, ಪಾಪ, ನಾವೇನ್ ಮಾಡೋಕಾಗುತ್ತೆ? ಕಾನೂನು."

"ಬಾಯಿ ಮುಚ್ಕೊಂಡು ಹೊಲೀರಿ."

ಅವನು ನಗುತ್ತ ಸೂಜಿ ಎತ್ತಿಕೊಂಡ. ದಾರ ಮುಗಿದಿತ್ತು. ಹೊಸ ತುಂಡನ್ನು ನಾಲಿಗೆಗೆ ತಾಗಿಸಿ, ಸೂಜಿಯನ್ನು ಬೆಳಕಿಗೆ ಹಿಡಿದ. ದಾರ ಸೂಜಿಗಣ್ಣಿನ ಪಕ್ಕ ಹೋಯಿತು. ಮತ್ತೆ ಹಿಡಿದ, ಮತ್ತೆ ತಪ್ಪಿತು. ಕತ್ತಲಲ್ಲೂ ಸೂಜಿ ಪೋಣಿಸುತ್ತಿದ್ದ ಆ ಕೈಗಳನ್ನು ಅವಳು ನೋಡುತ್ತ ನಿಂತಳು. ಅವನು ಸಹಾಯ ಕೇಳಲಿಲ್ಲ. ಐದನೆಯ ಸಲಕ್ಕೆ ದಾರ ಒಳಗೆ ಹೋಯಿತು.

ವ್ಯಾನಮ್ಮ ಚಹಾದ ಲೋಟ ತೆಗೆದು ಮೇಜಿನ ಮೇಲೆ ಕುಕ್ಕಿದಳು. ಕತ್ತಿನಿಂದ ಕೀ ತೆಗೆದಳು. ಮೂವತ್ತೆರಡು ವರ್ಷ ಜೊತೆಗಿದ್ದ ಗಂಡನ ತಲೆಯ ಮೇಲಿಂದ ಕೀಯ ದಾರವನ್ನು ಕತ್ತಿಗಿಳಿಸಿ, "ಹಾಕಿ," ಎಂದಳು.

"ಏನು?"

"ಎಷ್ಟು ಹಾಕ್ತಾರೋ ಅಷ್ಟು. ನನಗೇನು ಗೊತ್ತು? ನೀರು ಹಾಕ್ಬೇಕಾ?"

ಅವನು ಮುಚ್ಚಳ ತಿರುಗಿಸಿದ. ಬಾಟಲಿ ಬಗ್ಗಿಸುವಾಗ ಸ್ವಲ್ಪ ಮೇಜಿಗೆ ಬಿತ್ತು. ಅವಳು ಮೂಗು ಹಿಡಿದು ಒಂದು ಗುಟುಕು ನುಂಗಿದಳು. ಎದೆಯವರೆಗೂ ಉರಿ ಇಳಿಯಿತು, ಕಣ್ಣಲ್ಲಿ ನೀರು ಬಂತು.

"ಇದಕ್ಕೆ ಇಷ್ಟು ವರ್ಷ ಹೀಗೆ ಬಾಯಿ ಬಿಡ್ತಿದ್ರಾ ನೀವು? ಥೂ!"

"ಎರಡನೇದಕ್ಕೆ ರುಚಿ ಗೊತ್ತಾಗುತ್ತೆ."

ಎರಡನೆಯದಕ್ಕೂ ಗೊತ್ತಾಗಲಿಲ್ಲ. ಮಿಕ್ಕದ್ದನ್ನು ಹೊರಗೆ ಚೆಲ್ಲಿ, ಗಡಿಯಾರ ನೋಡಿದಳು. ಏಳೂವರೆ. ಇನ್ನು ನಾಳೆ ಏಳೂವರೆಯ ತನಕ ಗಾಡಿ ಎತ್ತುವಂತಿಲ್ಲ, ಎಂಟಕ್ಕೆ ತಲುಪುವ ಮಾತೇ ಇಲ್ಲ. ಎಂದೂ ಒಂದು ನಿಯಮವನ್ನೂ ಮುರಿಯದವಳು ಈಗ ಕಾನೂನಿನ ಮರೆಗೇ ಹೋಗಿ ನಿಂತಿದ್ದಳು. ಗಂಡ ಕತ್ತಿನ ಕೀಯನ್ನು ಅಂಗಿಯ ಮೇಲೆ ಸರಿಯಾಗಿ ಕೂರಿಸಿಕೊಂಡು, "ಈಗ ಇದು ಮನೆ," ಎಂದ. ಅವಳ ಕೆನ್ನೆ ಕೆಂಪಾಗಿದೆಯೆಂದೂ ಹೇಳಿದ. ಆ ರಾತ್ರಿ ಅವನಿಗೆ ಚೆನ್ನಾಗಿ ನಿದ್ದೆ ಬಂತು. ಅವಳು ಕತ್ತಲಲ್ಲಿ ತಗಡಿನ ಮೀನನ್ನು ಬೆರಳಿಂದ ಸವರುತ್ತ ಬಹಳ ಹೊತ್ತು ಎಚ್ಚರವಿದ್ದಳು.

ಆದರೆ ಅಭ್ಯಾಸವೆಂಬುದು ಕೆಟ್ಟದ್ದು. ಐದೂವರೆಗೆ ಕಣ್ಣುಬಿಟ್ಟವಳು, ಏನು ಮಾಡುತ್ತಿದ್ದೇನೆಂದು ಹೊಳೆಯುವ ಮೊದಲೇ ಇಳಿದು ಎರಡೂ ಕಲ್ಲು ಎಳೆದು ಪಕ್ಕಕ್ಕೆ ಹಾಕಿಬಿಟ್ಟಿದ್ದಳು. ಒಳಗೆ ಹಾಸಿಗೆ ಕಿರುಗುಟ್ಟಿತು. ಅವನು ಎದ್ದಿದ್ದ. ಅವಳು ತನ್ನ ಕೈಗಳನ್ನೇ ಬೈದುಕೊಂಡಳು. ಅವನು ಕವರನ್ನು ಬಗಲಿಗಿಟ್ಟುಕೊಂಡು ಇಳಿದು ಬಂದು, ನೀರಿನ ಕಡೆ ಮುಖಮಾಡಿ ಮಡಚುಕುರ್ಚಿಯಲ್ಲಿ ಕೂತ. ಬೆಳಗಿನ ಬೆಳಕಿನಲ್ಲಿ ಅವನ ಕತ್ತು ಎಷ್ಟು ಸಣ್ಣಗಾಗಿದೆಯೆಂದು ಕಂಡಿತು.

ಹೇಳಿದಂತೆ ಆರಕ್ಕೆ ಬೈಕು ಬಂತು. ವ್ಯಾನಮ್ಮ ತಾನೇ ಎದುರು ಹೋದಳು.

"ಮೇಡಂ, ನಾನು ಕುಡಿದಿದೀನಿ. ನಿನ್ನೆ ಏಳೂವರೆಗೆ. ನೋಡಿ ಬರ್ಕೊಳ್ಳಿ."

ಪೊಲೀಸಮ್ಮ ಅವಳ ಮುಖವನ್ನೂ ಕುರ್ಚಿಯಲ್ಲಿದ್ದವನನ್ನೂ ನೋಡಿ, ಕೀ ಅವನ ಕತ್ತಿನಲ್ಲಿರುವುದನ್ನು ಗಮನಿಸಿ, ಯಂತ್ರ ತೆಗೆದಳು. ವ್ಯಾನಮ್ಮ ಇದ್ದ ಉಸಿರನ್ನೆಲ್ಲ ಹಾಕಿ ಊದಿದಳು.

"ಸೊನ್ನೆ ಅಮ್ಮ. ನೀವು ಹೊರಡಬಹುದು."

"ಸರಿಯಾಗಿ ನೋಡಿ. ಎರಡು ಗುಟುಕು."

"ಎರಡು ಗುಟುಕು ಒಂದು ರಾತ್ರಿ ಉಳಿಯುತ್ತಾ?" ಎಂದು ಪೊಲೀಸಮ್ಮ ನಕ್ಕಳು. ಎದುರಿನವಳು ನಗದೆ ಇದ್ದುದರಿಂದ ತಾನೂ ನಿಲ್ಲಿಸಿದಳು. "ಏನಾದ್ರೂ ತೊಂದರೆನಾ?"

"ಇಲ್ಲ. ಎಂಟಕ್ಕೆ ಆಸ್ಪತ್ರೆಗೆ ಸೇರಿಸ್ಬೇಕು ಇವರನ್ನ."

"ಹಾಗಾದ್ರೆ ಈಗ್ಲೇ ಹೊರಡಿ. ರಸ್ತೆ ಖಾಲಿ ಇದೆ."

ಬೈಕು ಹೋಯಿತು. ರಸ್ತೆ ನಿಜವಾಗಿಯೂ ಖಾಲಿ ಇತ್ತು. ಕಾನೂನು ಅವಳನ್ನು ಬಿಟ್ಟುಕೊಟ್ಟಿತ್ತು. ಇನ್ನು ಏನು ಮಾಡಿದರೂ ಅವಳೇ ಮಾಡಬೇಕು. ವ್ಯಾನಮ್ಮ ಗಾಡಿಗೆ ಒರಗಿ ಸ್ವಲ್ಪ ಹೊತ್ತು ನಿಂತಳು. ಮಾತ್ರೆ ಇನ್ನೆರಡು ದಿನಕ್ಕಿದೆ, ಅದನ್ನು ರಾತ್ರಿಯೇ ಎಣಿಸಿದ್ದಳು. ಕೈ ಒರೆಸಿಕೊಂಡು ಫೋನು ತೆಗೆದಳು. ವಾರ್ಡಿನಲ್ಲಿ ನರ್ಸು ಎತ್ತಿದಳು. ವ್ಯಾನಮ್ಮ ಗಂಡನ ಹೆಸರು ಹೇಳಿ, ಒಂದೇ ಉಸಿರಿಗೆ, "ಇವತ್ತು ಬರೋಕಾಗಲ್ಲ ಸಿಸ್ಟರ್. ನಮ್ಮ ಡ್ರೈವರ್ ಕುಡಿದುಬಿಟ್ಟಿದಾರೆ. ಗಾಡಿ ಎತ್ತೋ ಹಾಗಿಲ್ಲ, ಕಾನೂನಿದೆ," ಎಂದಳು.

"ಬೆಳಬೆಳಿಗ್ಗೆನೇ ಕುಡಿದಿದಾರಾ? ಎಂಥ ಡ್ರೈವರ್ ಇಟ್ಕೊಂಡಿದೀರಮ್ಮ ನೀವು? ಯಾರವರು?"

"ನಾನೇ."

ಆ ಕಡೆ ಪುಟ ತಿರುವಿದ ಸದ್ದಾಯಿತು. "ನಾಳೆ ಎಂಟಕ್ಕೆ," ಎಂದಳು ನರ್ಸು ಕೊನೆಗೆ. "ಅದಕ್ಕಿಂತ ಹೆಚ್ಚು ಹಾಸಿಗೆ ಇಟ್ಕೊಳ್ಳೋಕಾಗಲ್ಲ."

ಫೋನು ಒಳಗಿಟ್ಟು, ವ್ಯಾನಮ್ಮ ಬಗ್ಗಿ ಒಂದು ಕಲ್ಲನ್ನು ಎರಡು ಕೈಯಲ್ಲಿ ಎತ್ತಿದಳು. ಎಡಚಕ್ರದ ಹಿಂದೆ ಇಟ್ಟು ಕಾಲಿನಿಂದ ಒತ್ತಿದಳು. ಆಮೇಲೆ ಇನ್ನೊಂದು ಕಲ್ಲು. ಅದು ಮರಳನ್ನು ಕೆರೆದುಕೊಂಡು ಹೋಗಿ ಟೈರಿಗೆ ತಾಗಿತು.

ಆ ಸದ್ದಿಗೆ ಕುರ್ಚಿಯಲ್ಲಿದ್ದವನ ಸೂಜಿ ನಿಂತಿತು. ಅವನು ಹಿಂದಕ್ಕೆ ತಿರುಗಲಿಲ್ಲ. ದಾರದುಂಡೆ ಕೈಗೆತ್ತಿಕೊಂಡು, ಗೇಣುದ್ದಕ್ಕಲ್ಲ, ತೋಳು ಚಾಚಿದಷ್ಟು ಉದ್ದಕ್ಕೆ ಎಳೆದು, ಹಲ್ಲಿನಿಂದ ಕತ್ತರಿಸಿದ.